ಟೈಪಿಂಗ್ ಟೇಬಲ್ಲಿನ ಲಾರಿ

ನನಗೊಂದು ಲಾರಿ ಬೇಕಿತ್ತು. ನಿಜವಾದದ್ದಲ್ಲ, ಅಷ್ಟೊಂದು ತಲೆ ಕೆಟ್ಟಿಲ್ಲ ನನಗೆ. ಕಂಪ್ಯೂಟರಿನಲ್ಲಿ ಓಡಿಸುವ ಲಾರಿ. ಇದನ್ನು ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ತಲೆಯ ನರೆಗೂದಲು ನೋಡುತ್ತಾರೆ, ಆಮೇಲೆ "ಮಗನ ಸಲುವಾಗಿ ಏನ್ರಿ?" ಅನ್ನುತ್ತಾರೆ. ನನಗೆ ಮಗನೇ ಇಲ್ಲ. ಇರುವವಳು ಒಬ್ಬಳೇ ಮಗಳು. ಬೀದರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ, ಅವಳಿಗೆ ಗೇಮು ಅಂದರೆ ತಲೆನೋವು.

ನಾನು ಬಸವಕಲ್ಯಾಣದಲ್ಲಿ ಮನೆಯಲ್ಲೇ ಕೂತು ಟೈಪಿಂಗ್ ಮಾಡುವವಳು. ಊರಿನ ಅರ್ಧ ಮದುವೆ ಕಾರ್ಡುಗಳು, ಶಾಲೆಗಳ ಪ್ರಶ್ನೆಪತ್ರಿಕೆಗಳು ನನ್ನ ಟೇಬಲ್ಲಿನಿಂದಲೇ ಪ್ರೆಸ್ಸಿಗೆ ಹೋಗುತ್ತವೆ. ಸೋದರಮಾವನ ಹೆಸರು ಕೆಳಗಿನ ಸಾಲಿಗೆ ಹೋಯಿತೆಂದು ಮದುವೆಗೇ ಬರದವರು, ‘ಚಿ.ಸೌ.’ ಬಿಟ್ಟುಹೋಯಿತೆಂದು ನನ್ನ ಬಾಗಿಲಿಗೇ ಬಂದು ಜಗಳ ತೆಗೆದವರು, ಎಲ್ಲರನ್ನೂ ಕಂಡಿದ್ದೇನೆ. ಹಾಗಾಗಿ ನನ್ನ ಬಾಯಿ ಸ್ವಲ್ಪ ಜೋರು. ನನ್ನ ಗಂಡ ಇದಕ್ಕೆ ‘ಸ್ವಲ್ಪ’ ಅನ್ನುವುದಿಲ್ಲ.

ಲಾರಿಯ ಹುಚ್ಚು ಹತ್ತಿದ್ದು ಅಪ್ಪನಿಂದ. ನನ್ನ ತವರು ಹುಮನಾಬಾದ್. ಅಪ್ಪ ತಮ್ಮ ಹರೆಯವನ್ನೆಲ್ಲ ಪುಣೆ–ಹೈದರಾಬಾದ್ ರಸ್ತೆಯ ಮೇಲೆ ಲಾರಿ ಓಡಿಸುತ್ತಲೇ ಕಳೆದವರು. ಮನೆ ಮುಂದೆ ಲಾರಿ ನಿಂತಾಗ ನಾನು ಹತ್ತಿ ಸ್ಟಿಯರಿಂಗ್ ಹಿಡಿದು ಕೂತರೆ, ಅಪ್ಪ ಕಂಕುಳಿಗೆ ಕೈ ಹಾಕಿ ಇಳಿಸಿಬಿಡುತ್ತಿದ್ದರು. "ಹೆಣ್ಮಕ್ಳು ಲಾರ್‍ಯಾಗ ಕೂಡಾಂಗಿಲ್ಲ ಯವ್ವಾ." ಅಣ್ಣನನ್ನು ಮಾತ್ರ ಕರೆದುಕೊಂಡು ಹೋದರು. ಅವನು ಊರು ದಾಟುವ ಮೊದಲೇ ವಾಂತಿ ಮಾಡಿಕೊಂಡು, ಎದುರಿಗೆ ಬಂದ ಬಸ್ಸು ಹತ್ತಿ ವಾಪಸು ಬಂದ. ಆ ಸೀಟು ಅವನಿಗೆ ಸಿಕ್ಕಿತು, ನನಗೆ ಸಿಗಲಿಲ್ಲ ಎಂಬ ಹೊಟ್ಟೆಯುರಿ ಇವತ್ತಿಗೂ ಇದೆ, ಮುಚ್ಚಿಡುವುದೇನಿದೆ.

ಈಗ ಅಪ್ಪನ ಒಂದು ಕಣ್ಣು ಪೂರಾ ಮಂಜಾಗಿದೆ. ಲೈಸೆನ್ಸು ಹೋಯಿತು, ಲಾರಿಯೂ ಹೋಯಿತು. ಅಣ್ಣನ ಮನೆಯಲ್ಲಿ ಮೊಮ್ಮಕ್ಕಳ ಗದ್ದಲದ ನಡುವೆ ಇದ್ದಾರೆ, ಯಾವುದಕ್ಕೂ ಕೊರತೆಯಿಲ್ಲ. ಆದರೆ ರಸ್ತೆ ಬಿಟ್ಟ ಮೇಲೆ ಮಾತು ಕಡಿಮೆಯಾಯಿತು. ನನ್ನ ಮನೆಗೆ ಬಂದರೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಾರೆ. ಮಗಳ ಮನೆಯಲ್ಲಿ ಒಂದು ಕಪ್ ಚಹಾಕ್ಕಿಂತ ಹೆಚ್ಚು ಹೊತ್ತು ಕೂರಬಾರದು ಎಂಬುದು ಅವರ ಕಾನೂನು. ಚಹಾ ಬಹಳ ಬಿಸಿಯಿದ್ದರೆ ಬಸಿಗೆ ಸುರಿದು ಊದಿ ಕುಡಿದು ಇನ್ನೂ ಬೇಗ ಎದ್ದುಬಿಡುತ್ತಾರೆ. ನನಗೆ ಬೇಕಾಗಿದ್ದು ಇಷ್ಟೇ: ಒಂದು ಮಧ್ಯಾಹ್ನ ಅಪ್ಪ ಆ ಕುರ್ಚಿ ಬಿಟ್ಟು ಒಳಗೆ ಬರಬೇಕು, ನನ್ನ ಪಕ್ಕ ಕೂರಬೇಕು, ನಾನು ಲಾರಿ ಓಡಿಸಬೇಕು. ದೂರ, ಬಹಳ ದೂರ.

ಫೋನಿನಲ್ಲಿ ಯಾರೋ ಈ ಲಾರಿ ಗೇಮು ಆಡುವ ವಿಡಿಯೋ ನೋಡಿದ್ದೆ. ಮಾಲು ತುಂಬಿಕೊಂಡು ಊರಿಂದೂರಿಗೆ ಹೋಗುವುದು, ಅಷ್ಟೇ ಆಟ. ಬಂದೂಕಿಲ್ಲ, ಹೊಡೆದಾಟವಿಲ್ಲ. ಮಗಳು ರಜೆಗೆ ಬಂದಾಗ ನನ್ನ ಕಂಪ್ಯೂಟರಿನಲ್ಲಿ ಹಾಕಿಕೊಟ್ಟಳು. ನನ್ನ ಕಂಪ್ಯೂಟರು ಅಂದರೆ ಅವಳು ಬಾಲವಾಡಿಗೆ ಹೋಗುತ್ತಿದ್ದಾಗ ತಂದದ್ದು. ಟೈಪಿಂಗಿಗೆ ಅದು ಬಂಗಾರ. ಆದರೆ ಗೇಮು ಒತ್ತಿ ಬಿಟ್ಟರೆ, ನಾನು ಒಳಗೆ ಹೋಗಿ ಕುಕ್ಕರ್ ಇಟ್ಟು, ಸೀಟಿ ಹೊಡೆಸಿ, ಇಳಿಸಿ ಬಂದರೂ ಅದು ಇನ್ನೂ ತೆರೆಯುತ್ತಲೇ ಇರುತ್ತಿತ್ತು. ತೆರೆದ ಮೇಲಾದರೂ ಲಾರಿ ಓಡಬೇಕಲ್ಲ? ಮದುವೆ ಆಲ್ಬಮ್ಮಿನ ಪುಟ ತಿರುವಿದ ಹಾಗೆ ಇಲ್ಲೊಂದು ಫೋಟೋ, ಅಲ್ಲೊಂದು ಫೋಟೋ. ನಡುವೆ ಯಾವಾಗಲೋ ಲಾರಿ ಕಾಲುವೆಗೆ ಬಿದ್ದಿರುತ್ತಿತ್ತು.

"ಅವ್ವಾ, ಇದಕ್ಕ ಗ್ರಾಫಿಕ್ಸ್ ಕಾರ್ಡ್ ಬೇಕು, ರ್‍ಯಾಮ್ ಬೇಕು," ಅಂದಳು ಮಗಳು. "ಇಲ್ಲಂದ್ರ ಗುಜರಿಗೆ ಹಾಕಿಬಿಡು."

ಗುಜರಿ! ಎಂಥ ಮಾತು! ಇವಳನ್ನು ಓದಿಸಿದ ಪೆಟ್ಟಿಗೆ ಅದು. ಅವಳನ್ನು ಬೈದು ಬಸ್ಸು ಹತ್ತಿಸಿ ಬಂದವಳೇ ನಿರ್ಧಾರ ಮಾಡಿದೆ. ಇದೇ ಪೆಟ್ಟಿಗೆಯಲ್ಲಿ ಲಾರಿ ಓಡಿಸಿ ತೋರಿಸುತ್ತೇನೆ ಅಂದುಕೊಂಡೆ.

ಬಸವಕಲ್ಯಾಣದಲ್ಲಿ ಕಂಪ್ಯೂಟರ್ ಅಂಗಡಿಗಳಿಲ್ಲ ಎಂದಲ್ಲ. ಆದರೆ ಇಲ್ಲಿ ಯಾವ ಅಂಗಡಿಗೆ ಹೋದರೂ ಅವರ ಮನೆಯ ಒಂದಾದರೂ ಮದುವೆ ಕಾರ್ಡು ನಾನೇ ಟೈಪ್ ಮಾಡಿರುತ್ತೇನೆ. "ಟೈಪಿಂಗ್ ಅಕ್ಕಾರು ಈ ವಯಸ್ಸಿನಾಗ ಗೇಮ್ ಆಡಾಕತ್ತಾರಂತ" ಎಂಬ ಸುದ್ದಿ ಸಂಜೆಯೊಳಗೆ ಪ್ರೆಸ್ಸಿಗೆ ಮುಟ್ಟುತ್ತಿತ್ತು. ಅದಕ್ಕೇ ಹುಮನಾಬಾದಿನ ದಾರಿ ಹಿಡಿದೆ. ಕಂಪ್ಯೂಟರಿನ ಪೆಟ್ಟಿಗೆಗೆ ನಮ್ಮ ಕಡೆ ಎಲ್ಲರೂ ಸಿಪಿಯು ಅಂತಲೇ ಅನ್ನುವುದು. ಸಿಪಿಯುವನ್ನು ಶಾಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಬಂದು ಶಾಲಿನ ಅಂಚು ಎತ್ತಿ ಇಣುಕಿ ನೋಡಿದ.

"ಲಗೇಜ್ ಆಗ್ತದ್ರಿ ಅಕ್ಕಾರ."

"ತೊಡೀ ಮ್ಯಾಲ ಇದ್ದದ್ದು ಹ್ಯಾಂಗ್ ಲಗೇಜ್ ಆಗ್ತದ?"

"ತೊಡೀ ಮ್ಯಾಲ ಕೂಸಿದ್ರ ಬಿಡ್ತೀವ್ರಿ. ಇದು ಕೂಸಲ್ಲ."

ಹೆಂಗಸೆಂದು ನನಗೆ ಟಿಕೆಟ್ ಫ್ರೀ, ನನ್ನ ಸಿಪಿಯುಗೆ ದುಡ್ಡಿನ ಟಿಕೆಟ್. ಹುಮನಾಬಾದ್ ಬರುವವರೆಗೂ ಅವನ ಜೊತೆ ವಾದ ಮಾಡಿದೆ, ಗೆಲ್ಲಲಿಲ್ಲ.

ಅಂಗಡಿಯವರು ನನ್ನ ವಯಸ್ಸಿನವರೇ, ಬಾಯಿ ತುಂಬ ‘ಅಕ್ಕಾ’ ಅನ್ನುವವರು. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಾರೆ, ಗಿರಾಕಿಗಳ ಜೊತೆ ನಮ್ಮ ಕನ್ನಡ. "ಬರ್ರಿ ಅಕ್ಕಾ, ಕೂಡ್ರಿ. ಬೇಟಾನ ಸಲುವಾಗಿ ಏನ್ರಿ?"

ಅಲ್ಲ ಅನ್ನಬೇಕಿತ್ತು. ಆದರೆ ಅಂಗಡಿಯಲ್ಲಿ ಇನ್ನೂ ನಾಲ್ಕು ಮಂದಿ ಇದ್ದರು, ಎಲ್ಲರ ಕಿವಿಯೂ ಇತ್ತ ಕಡೆಗಿತ್ತು. "ಹೌದ್ರಿ," ಅಂದುಬಿಟ್ಟೆ.

"ಎಷ್ಟನೇತ್ತಾ ಓದ್ತಾನ್ರಿ?"

"ಹತ್ತನೇತ್ತಾ."

"ಅಯ್ಯಯ್ಯೋ, ಈ ವರ್ಷ ಬ್ಯಾಡ್ರಿ ಅಕ್ಕಾ! ಬೋರ್ಡ್ ಪರೀಕ್ಷಾ ಅದ. ಹುಡುಗೂರು ಬರಬಾದ್ ಆಗ್ತಾರ ಇದ್ರಾಗ." ಪಾಪ, ತಮ್ಮ ವ್ಯಾಪಾರ ಬಿಟ್ಟು ಅವರು ಇಲ್ಲದ ನನ್ನ ಮಗನ ಭವಿಷ್ಯಕ್ಕಾಗಿ ಮರುಗಿದರು.

"ಅಂವ ಭಾಳ ಶಾಣ್ಯಾ ಇದ್ದಾನ್ರಿ," ಅಂದೆ. ಆಗಲೇ ನನಗೆ ಆ ಹುಡುಗನ ಮೇಲೆ ಅಭಿಮಾನ ಬಂದುಬಿಟ್ಟಿತ್ತು.

ಪೆಟ್ಟಿಗೆ ಬಿಚ್ಚಿದರು. ಒಳಗೆ ಧೂಳು ಇತ್ತು ಎಂದರೆ ಸಾಲದು. ವರ್ಷ ವರ್ಷವೂ ಆಯುಧಪೂಜೆಗೆ ಹಾಕಿದ ಅಕ್ಷತೆ, ಕುಂಕುಮ, ಒಣಗಿದ ಚೆಂಡುಹೂವಿನ ಎಸಳು ಎಲ್ಲ ತೂತಿನಿಂದ ಒಳಗಿಳಿದು ಫ್ಯಾನಿನ ಸುತ್ತ ಗೂಡು ಕಟ್ಟಿದ್ದವು. ಅಂಗಡಿಯವರು ಬ್ರಶ್ಶಿನಿಂದ ಎಲ್ಲ ಒಟ್ಟು ಮಾಡಿ ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. "ದೇವರದ್ದು ಅದ ಅಕ್ಕಾ, ನಾ ಕಸದಾಗ ಹಾಕಾಂಗಿಲ್ಲ," ಅಂದರು. ನನಗೆ ನಾಚಿಕೆಯೂ ಆಯಿತು, ಅವರ ಮೇಲೆ ಗೌರವವೂ ಬಂತು.

ರ್‍ಯಾಮ್ ಜಾಸ್ತಿ ಮಾಡಿದರು, ಬೇಗ ತೆರೆಯಲೆಂದು ಹಳೆ ಹಾರ್ಡ್ ಡಿಸ್ಕಿನ ಜೊತೆಗೆ ಎಸ್‌ಎಸ್‌ಡಿ ಹಾಕಿದರು, ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿ ಬದಲಿಸಿದರು. ಕೊನೆಗೆ ಎರಡು ಫ್ಯಾನಿನ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡು ತಂದರು. ಅದು ನಮ್ಮ ಪೆಟ್ಟಿಗೆಯೊಳಗೆ ಹಿಡಿಸಲೇ ಇಲ್ಲ. ಹಾರ್ಡ್ ಡಿಸ್ಕ್ ಕೂರಿಸುವ ತಗಡಿನ ಗೂಡು ಅಡ್ಡ ಬಂತು. ಅಂಗಡಿಯವರು ಹಿಂದೆ ಮುಂದೆ ನೋಡದೆ ಗರಗಸದ ಬ್ಲೇಡು ತಂದು ಗೂಡಿನ ಅರ್ಧ ಕೊಯ್ದರು. ನನ್ನ ಹೊಟ್ಟೆಯೊಳಗೇ ಕೊಯ್ದ ಹಾಗಾಯಿತು. ಆಮೇಲೆ ಕಾರ್ಡು ಕೂತಿತು, ಆದರೆ ಅದರ ದಪ್ಪ ವೈರು ಹೊರಗೆ ಉಬ್ಬಿಕೊಂಡು ನಿಂತು ಪಕ್ಕದ ಮುಚ್ಚಳ ಮುಚ್ಚದೆ ಹೋಯಿತು.

"ಈ ಬಾಜೂದ ಪತ್ರಾ ಹಾಕಬ್ಯಾಡ್ರಿ. ಖುಲ್ಲಾ ಇರ್ಲಿ, ಗಾಳಿ ಆಡ್ತದ," ಅಂದರು. "ಮತ್ತ ಬೇಟಾಗ ಹೇಳ್ರಿ, ದಿನಕ್ಕ ಒಂದ್ ತಾಸು ಬಸ್."

ಮನೆಗೆ ತಂದು ವೈರು ಜೋಡಿಸಿ ಗೇಮು ಒತ್ತಿದೆ. ಕುಕ್ಕರಿಗೆ ಅಕ್ಕಿ ಹಾಕುವಷ್ಟೂ ಪುರಸೊತ್ತು ಕೊಡಲಿಲ್ಲ, ತೆರೆದೇಬಿಟ್ಟಿತು. ಲಾರಿ ನೀರು ಹರಿದ ಹಾಗೆ ಓಡಿತು! ಒಂದು ತಾಸು ಓಡಿಸಿದೆ. ಸಿಕ್ಕ ಸಿಕ್ಕ ಕಂಬಕ್ಕೆ ಗುದ್ದಿದೆ, ಒಂದು ಪೆಟ್ರೋಲ್ ಬಂಕಿನೊಳಗೆ ಹೊಕ್ಕು ಹೊರಬರಲಾಗದೆ ಒದ್ದಾಡಿದೆ, ಆದರೂ ಅಷ್ಟು ಖುಷಿ ನಾನು ಬಹಳ ದಿನದಿಂದ ಪಟ್ಟಿರಲಿಲ್ಲ. ಅಲ್ಲೇ ಅಪ್ಪನಿಗೆ ಫೋನ್ ಮಾಡಿದೆ. ಎಳ್ಳಮಾವಾಸ್ಯೆಗೆ ಅವರೆಕಾಯಿ, ಸಜ್ಜೆ ಹಿಟ್ಟು ಕೊಡಲು ಹೇಗೂ ಬರುವವರಿದ್ದರು.

ಮರುದಿನ ಬೆಳಿಗ್ಗೆ ಅತ್ತೆ ಟೇಬಲ್ಲಿನ ಕೆಳಗೆ ಬಗ್ಗಿ ನೋಡಿ ಗಾಬರಿಯಾದರು. ನಮ್ಮ ಅತ್ತೆಗೆ ಮೈ ಬಿಟ್ಟುಕೊಂಡು ನಿಂತ ಯಾವ ವಸ್ತುವೂ ಸೇರುವುದಿಲ್ಲ. ಟಿವಿಗೆ ಕವರು, ಫ್ರಿಜ್ಜಿಗೆ ಕವರು, ಮಿಕ್ಸಿಗೆ ಗಿಳಿ ಕಸೂತಿಯ ಕವರು, ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಲಂಗ. ಎಲ್ಲ ಅವರ ಕೈಯ ಹೊಲಿಗೆಯೇ.

"ಇದೇನವ್ವಾ, ಹೊಟ್ಟಿ ಸೀಳಿ ಹಂಗೇ ಕಳಿಸ್ಯಾರ? ಹಲ್ಲಿ ಹೋದ್ರ ಏನ್ ಮಾಡ್ತಿ?"

ಹಲ್ಲಿಯ ಮಾತು ನನಗೂ ಸರಿ ಅನ್ನಿಸಿತು. ಅತ್ತೆ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರ ಇಟ್ಟು, ಒತ್ತೊತ್ತಾಗಿ ದಾರ ಓಡಿಸಿ, ಸಿಪಿಯು ಅಳತೆಗೆ ಒಂದು ಪುಟ್ಟ ಕೌದಿಯನ್ನೇ ಹೊಲಿದರು. ಗುಂಡಿ ಒತ್ತಲು ಮುಂದೆ ಒಂದು ಕಿಟಕಿ ಬಿಟ್ಟರು. ಹಳೆಯ ತೆಳ್ಳನೆ ಕವರಿಗೂ ಅಂಥದೇ ಕಿಟಕಿಯಿತ್ತು. ವರ್ಷಗಟ್ಟಲೆ ಅದನ್ನು ತೆಗೆಯದೆಯೇ ಟೈಪ್ ಮಾಡಿದ್ದೆ, ಏನೂ ಆಗಿರಲಿಲ್ಲ. ಹಾಗಾಗಿ ಕೌದಿಯ ಬಗ್ಗೆ ಎರಡನೇ ಸಲ ಯೋಚಿಸಲಿಲ್ಲ. ಚೆನ್ನಾಗಿದೆ ಎಂದು ಹೊಗಳಿದೆ ಕೂಡ.

ಅಪ್ಪ ಬಂದರು. ಬಾಗಿಲ ಕುರ್ಚಿ, ತೊಡೆಯ ಮೇಲೆ ಚೀಲ. ನನ್ನ ಗಂಡ ಎದುರಿಗೆ ಕೂತು ಮಾತಾಡಿಸುತ್ತಿದ್ದರು. ನಾನು ಚಹಾ ಕೊಟ್ಟು, "ಅಪ್ಪಾ, ಒಳಗ ಬಾ. ನಾ ಲಾರಿ ಹೊಡೀತೀನಿ, ನೋಡುವಂತಿ," ಅಂದೆ.

ಅಪ್ಪ ಅಳಿಯನ ಮುಖ ನೋಡಿದರು. "ಏನ್ ಅನ್ನಾಕತ್ತಾಳ್ರಿ ಈಕಿ?"

"ಹೌದ್ರಿ ಮಾವಾರ, ಹೊಡೀತಾಳ," ಅಂದರು ನನ್ನ ಗಂಡ. "ಕರೆಂಟಿನ ಕಂಬ ಒಂದೂ ಉಳಿಸಿಲ್ಲ."

ಅಪ್ಪ ಎದ್ದು, ಬಸಿ ಕೈಯಲ್ಲೇ ಹಿಡಿದು ಒಳಕೋಣೆಯ ಹೊಸ್ತಿಲವರೆಗೆ ಬಂದು ನಿಂತರು. ನಾನು ಎದೆ ಉಬ್ಬಿಸಿ ಲಾರಿ ಶುರು ಮಾಡಿದೆ. ಅಪ್ಪ ಪರದೆ ನೋಡಲಿಲ್ಲ, ನನ್ನ ಬೆರಳು ನೋಡಿದರು.

"ಟೈಪ್ ಮಾಡಾಕತ್ತೀಯೋ, ಲಾರಿ ಹೊಡ್ಯಾಕತ್ತೀಯೋ?"

"ಇದ್ರಾಗ ಹಿಂಗೇ ಅಪ್ಪಾ. ಈ ಗುಂಡಿ ಒತ್ತಿದ್ರ ಮುಂದ, ಇದು ಒತ್ತಿದ್ರ ಬ್ರೇಕ್."

"ಸ್ಟಿಯರಿಂಗ್ ಇಲ್ಲ, ಕ್ಲಚ್ ಇಲ್ಲ. ಮತ್ತ ರಾಂಗ್ ಸೈಡ್ ಯಾಕ ಹೊಂಟೀದಿ?"

"ಅದು ಬ್ಯಾರೆ ದೇಶ ಅಪ್ಪಾ, ಅಲ್ಲಿ ಬಲಕ್ಕೇ ಹೋಗ್ತಾರ."

"ಯಾ ದೇಶ ಆದ್ರೂ ರಾಂಗ್ ಸೈಡ್ ರಾಂಗ್ ಸೈಡೇ."

ಬೈದರೂ ಒಂದು ಹೆಜ್ಜೆ ಒಳಗೆ ಬಂದರು. ನಾನು ಪಕ್ಕಕ್ಕೆ ಹಾಕಿಟ್ಟಿದ್ದ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಪರದೆಯ ಕಡೆ ಬಾಗಿದರು. ಇನ್ನೇನು ಕೂರಬೇಕು, ಟೇಬಲ್ಲಿನ ಕೆಳಗಿನಿಂದ ಫ್ಯಾನು ಊಳಿಟ್ಟಿತು, ಪರದೆ ಕಪ್ಪಾಯಿತು. ಎಲ್ಲ ಬಂದ್.

"ಬ್ರೇಕ್‌ಡೌನ್," ಅಂದರು ಅಪ್ಪ. ಗೇಲಿ ಮಾಡಿದ್ದಲ್ಲ, ಇದ್ದದ್ದು ಹೇಳಿದರು ಅಷ್ಟೇ. ಉಳಿದ ಚಹಾ ಗುಟುಕರಿಸಿ, "ಹೋಗ್ಲಿ ಬಿಡವ್ವಾ, ಗಾಡಿ ಅಂದ್ರ ಹಂಗೇ," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಅಳು ಬಂದಾಗ ಸಿಟ್ಟು ಮಾಡುವುದು ನನ್ನ ಜಾಯಮಾನ. ಗಂಡನ ಮೇಲೆ, ಕರೆಂಟಿನವರ ಮೇಲೆ, ಗೇಮು ಮಾಡಿದವರ ಮೇಲೆ ಸರದಿಯಂತೆ ಹರಿಹಾಯ್ದೆ.

ಆಮೇಲೆ ದಿನವೂ ಅದೇ ಗೋಳು. ಬೆಳಗಿನಿಂದ ಟೈಪ್ ಮಾಡಿದರೆ ಕಿಮಕ್ ಅನ್ನುತ್ತಿರಲಿಲ್ಲ. ಲಾರಿ ಹತ್ತಿದರೆ ಸ್ವಲ್ಪ ದೂರಕ್ಕೆ ಊಳಿಟ್ಟು ಮಲಗಿಬಿಡುವುದು. ಅತ್ತೆ ತಮ್ಮದೇ ತೀರ್ಪು ಕೊಟ್ಟರು. "ಮದುವಿ ಕಾರ್ಡ್ ಮಾಡಿಕೋತ ಬೆಳೆದ ಮಿಷಿನ್ ಅದು. ಅದಕ್ಕ ಲಾರಿ ಸೇರಾಂಗಿಲ್ಲ."

ಮತ್ತೆ ಶಾಲು, ಮತ್ತೆ ಬಸ್ಸು, ಮತ್ತೆ ಲಗೇಜ್ ಟಿಕೆಟ್. ಕೌದಿಯನ್ನು ಮಾತ್ರ ಮನೆಯಲ್ಲೇ ಬಿಚ್ಚಿಟ್ಟೆ. ಹಳೆ ಸೀರೆ ಹೊದ್ದ ಸಿಪಿಯು ನೋಡಿ ಅಂಗಡಿಯವರು ನಗಬಾರದಲ್ಲ. ಹುಮನಾಬಾದಿನಲ್ಲಿ ಅವರು ಅದೇ ಗೇಮು ಹಾಕಿ ಬಿಟ್ಟರು. ನಾನು ಬಜಾರು ಸುತ್ತಿ ಬಂದೆ, ತವರಿಗೆ ಹೋಗಿ ಅತ್ತಿಗೆಯ ಕೈಯ ಊಟ ಮಾಡಿ ಬಂದೆ. ಆ ಹಾಳಾದ್ದು ಇನ್ನೂ ಜುಮ್ಮಂತ ಓಡುತ್ತಿತ್ತು! ಡಾಕ್ಟರ ಮುಂದೆ ಕೂತೊಡನೆ ಜ್ವರ ಬಿಟ್ಟ ಹಾಗೆ.

"ಮಿಷಿನ್ ಏಕದಂ ಬರೋಬ್ಬರ್ ಅದ ಅಕ್ಕಾ," ಅಂದರು ಅಂಗಡಿಯವರು. ಆಮೇಲೆ ದನಿ ತಗ್ಗಿಸಿ, "ಸಿಟ್ಟಾಗಬ್ಯಾಡ್ರಿ. ನಿಮ್ಮ ಹುಡುಗ ಏನರ ಒಳಗ ಕೈ ಹಾಕ್ಯಾನ. ನೀವು ಮನ್ಯಾಗ ಇಲ್ಲದಾಗ ನಾಲ್ಕ್ ನಾಲ್ಕ್ ತಾಸು ಆಡಾಕತ್ತಾನ. ಈಗಿನ ಹುಡುಗೂರು ತಾಯಿಗೆ ಖರೇ ಹೇಳಾಂಗಿಲ್ಲ."

ಇಲ್ಲದ ಮಗನಾದರೇನು, ಅವನ ಮೇಲೆ ಸುಳ್ಳು ಆರೋಪ ಬಂದರೆ ತಾಯಿ ಕರುಳು ಕೇಳುತ್ತದೆಯೇ? ನನಗೆ ರೇಗಿಹೋಯಿತು.

"ಹುಡುಗ ಪಡುಗ ಯಾರೂ ಇಲ್ರಿ! ನನಗ ಮಗನೇ ಇಲ್ಲ. ನಾನೇ ಹೊಡೀತೀನಿ ಲಾರಿ. ನಮ್ಮಪ್ಪ ಡ್ರೈವರ್ ಇದ್ದ. ಸಣ್ಣಾಕಿ ಇದ್ದಾಗ ಕೂಡಿಸಿಕೊಳ್ಳಿಲ್ಲ. ಈಗ ನಾ ಅವನ್ನ ಕೂಡಿಸಿಕೊಂಡು ಹೊಡೀಬೇಕಾಗ್ಯಾದ. ಆತೇನ್ರಿ?"

ಗಿರಾಕಿಯೊಬ್ಬ ತನ್ನ ಕೀಬೋರ್ಡು ಎದೆಗೆ ಅವುಚಿಕೊಂಡ. ಅಂಗಡಿಯವರು ಒಳಗೆ ಹೋದರು, ಏನೋ ಡಬ್ಬಗಳು ಉರುಳಿದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಧೂಳು ಹಿಡಿದ ಒಂದು ಆಟದ ಸ್ಟಿಯರಿಂಗ್ ಇತ್ತು, ಜೊತೆಗೆ ಕಾಲಲ್ಲಿ ಒತ್ತುವ ಪೆಡಲ್ಲು. ಯಾವುದೋ ಗೇಮ್ ಪಾರ್ಲರ್ ಮುಚ್ಚಿದಾಗ ಬಂದದ್ದಂತೆ.

"ಡ್ರೈವರ್ ಸಾಬರ ಮುಂದ ಕೀಬೋರ್ಡಿಲೆ ಗಾಡಿ ಹೊಡೀಬಾರ್ದು ಅಕ್ಕಾ. ಬೇಇಜ್ಜತಿ ಆಗ್ತದ," ಅಂದರು. ಅದನ್ನು ಒರೆಸುತ್ತಾ, "ಮೊದಲೇ ಹೇಳಬಾರದೇನ್ರಿ. ನಾ ಸುಮ್ಮ ಆ ಹುಡುಗಗ ಬೈದೆ," ಎಂದು ಬೇಜಾರು ಮಾಡಿಕೊಂಡರು.

ಸ್ಟಿಯರಿಂಗ್ ಬಂತು. ಟೇಬಲ್ಲಿಗೆ ಬಿಗಿದದ್ದೂ ಆಯಿತು. ಆದರೆ ಮನೆಯಲ್ಲಿ ಮಾತ್ರ ಸಿಪಿಯು ಮತ್ತೆ ತನ್ನ ಹಳೆ ಚಾಳಿ ತೆಗೆಯಿತು. ಬಸವಕಲ್ಯಾಣದ ಕರೆಂಟು ಸರಿಯಿಲ್ಲ ಎಂದು ಸ್ಟೆಬಿಲೈಸರ್ ತಂದೆವು. ಅದಕ್ಕೂ ಅತ್ತೆ ಕವರು ಹೊಲಿದರು. ನನ್ನ ಗಂಡ ಟೇಬಲ್ಲಿನ ದಿಕ್ಕು ಸರಿಯಿಲ್ಲವೆಂದು ಪೂರ್ವಕ್ಕೆ ತಿರುಗಿಸಿದರು. ಲಾರಿ ಪೂರ್ವಕ್ಕೆ ಮುಖ ಮಾಡಿಯೂ ಕೆಟ್ಟು ನಿಂತಿತು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನೆಟ್ಟಗೆ ನಡೆಯುತ್ತಿದ್ದದ್ದು ಒಂದೇ, ಮೊಸರು. ಚಳಿಗೆ ಊರಲ್ಲಿ ಯಾರ ಮನೆಯಲ್ಲೂ ಹಾಲು ಹೆಪ್ಪು ಹಿಡಿಯುತ್ತಿರಲಿಲ್ಲ, ನಮ್ಮ ಮನೆಯಲ್ಲಿ ಚಮಚ ನೆಟ್ಟರೆ ನಿಲ್ಲುವಂಥ ಮೊಸರು. ಪಕ್ಕದ ಮನೆಯವರು ಹೆಪ್ಪಿಗೆಂದು ಬಟ್ಟಲು ಹಿಡಿದು ಬರತೊಡಗಿದರು. "ನಿಮ್ಮ ಕೈಗುಣ ಅಂದ್ರ ಕೈಗುಣ," ಎಂದು ಗಂಡ ಹೊಗಳಿದರೆ ಅತ್ತೆ ಸೆರಗು ಸರಿಮಾಡಿಕೊಂಡು, "ನಡೀಲಿ ನಡೀಲಿ, ಉಣ್ಣು," ಅನ್ನುತ್ತಿದ್ದರು. ಮುಖದಲ್ಲಿ ಮಾತ್ರ ಏನೋ ಗುಟ್ಟಿತ್ತು.

ಸಂಕ್ರಾಂತಿ ಹತ್ತಿರ ಬಂತು. ಎಳ್ಳುಬೆಲ್ಲ ಕೊಡಲು ಬರುತ್ತೇನೆಂದು ಅಪ್ಪನ ಫೋನು. ಮತ್ತೊಮ್ಮೆ ಅವರೆದುರು ಕೆಟ್ಟು ನಿಂತರೆ ಇನ್ನು ಅವರನ್ನು ಒಳಗೆ ಕರೆಯುವ ಮುಖ ನನಗಿರುವುದಿಲ್ಲ, ಬಾ ಎಂದರೆ ಅವರು ಬರುವುದೂ ಇಲ್ಲ. ಹಿಂದಿನ ದಿನ ಪರೀಕ್ಷೆಗೆಂದು ಲಾರಿ ಹತ್ತಿದೆ. ಗುಡ್ಡದ ಏರಿನ ನಟ್ಟನಡುವೆ ಬಂದ್! ಸಿಟ್ಟು ನೆತ್ತಿಗೇರಿತು. ಹಿಂದಿನ ವೈರುಗಳನ್ನೆಲ್ಲ ಕಿತ್ತೇ ಹಾಕುತ್ತೇನೆಂದು ಟೇಬಲ್ಲಿನ ಕೆಳಗೆ ತೂರಿ, ಕೌದಿಯ ಹಿಂಬದಿಗೆ ಕೈ ಹಾಕಿದೆ.

ಕೈಗೆ ವೈರು ಸಿಗಲಿಲ್ಲ. ಬೆಚ್ಚಗಿನ ಸ್ಟೀಲ್ ಡಬ್ಬಿ ಸಿಕ್ಕಿತು. ಎಳೆದು ಮುಚ್ಚಳ ತೆಗೆದೆ.

"ಅತ್ತೀ! ಇದೇನ್ರಿ?"

ಅತ್ತೆ ಅಡುಗೆಮನೆಯಿಂದ ಬಂದು ನೋಡಿದರು. "ಮೊಸರು."

"ಮೊಸರು ಅಂತ ನನಗೂ ಗೊತ್ತಾಗ್ತದ್ರಿ! ಇಲ್ಲಿ ಯಾಕದ?"

"ಅದರ ಹಿಂದ ಬಿಸಿ ಗಾಳಿ ಬರ್ತದ. ಕೌದಿ ಒಳಗ ಇಟ್ರ ಗಂಟಿ ಗಟ್ಲೆ ಬೆಚ್ಚಗ ಇರ್ತದ, ಗಟ್ಟಿ ಹೆಪ್ಪಾಗ್ತದ." ಅವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. "ನೀ ಲಾರಿ ಹೊಡ್ದ ದಿನ ಇನ್ನೂ ಚಲೋ ಆಗ್ತದ."

ನಾನು ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಪೆಟ್ಟಿಗೆಗೆ ಗಾಳಿ ಆಡಲೆಂದು ಅಂಗಡಿಯವರು ಮುಚ್ಚಳ ತೆಗೆದು ಕಳಿಸಿದ್ದರು. ನಾವು ಅದಕ್ಕೆ ಚಳಿಗಾಲದ ಕೌದಿ ಹೊದಿಸಿ, ಬಿಸಿ ಗಾಳಿ ಹೋಗುವ ಬಾಯಿಗೆ ಮೊಸರಿನ ಡಬ್ಬಿ ಅಡ್ಡ ಇಟ್ಟಿದ್ದೆವು. ಪಾಪದ್ದು ಬೆಂದು ಬೆಂದು ಮೂರ್ಛೆ ಹೋಗುತ್ತಿತ್ತು. ಹುಮನಾಬಾದಿಗೆ ಹೋದಾಗ ಮೈಮೇಲಿನ ಹೊದಿಕೆ ಇಲ್ಲ, ಹಿಂದೆ ಡಬ್ಬಿ ಇಲ್ಲ, ಅದಕ್ಕೇ ಅಲ್ಲಿ ಜುಮ್ಮಂತ ಓಡಿದ್ದು. ಅತ್ತೆಗೆ ಬಿಡಿಸಿ ಹೇಳಿದೆ. ಹೇಳುವಾಗ ನನ್ನ ದನಿ ಮೂರು ಮನೆಯಾಚೆ ಕೇಳಿಸಿತಂತೆ.

ಅತ್ತೆ ಮುಖ ಚಿಕ್ಕದು ಮಾಡಿಕೊಂಡು ಕೌದಿ ಬಿಚ್ಚಿ ಮಡಚಿಟ್ಟರು. ನನಗೂ ಕೆಟ್ಟದೆನಿಸಿತು, ಆದರೆ ಬಾಯಿಂದ ಒಳ್ಳೆಯ ಮಾತು ಬೇಗ ಹೊರಡುವುದಿಲ್ಲವಲ್ಲ. ಬೆಳಿಗ್ಗೆ ಎದ್ದು ನೋಡಿದರೆ, ಹಳೆ ಸೊಳ್ಳೆ ಪರದೆ ಕತ್ತರಿಸಿ ಹೊಲಿದ ತೆಳ್ಳನೆ ಅಂಗಿ ಸಿಪಿಯು ಮೈಮೇಲಿತ್ತು. "ಗಾಳಿ ಹೋಗ್ತದ, ಹಲ್ಲಿ ಹೋಗಾಂಗಿಲ್ಲ," ಅಂದರು ಅತ್ತೆ, ನನ್ನ ಮುಖ ನೋಡದೆ. "ಮೊಸರು ಇವತ್ತಿಂದ ನೀರಾದ್ರ ನನ್ನ ಕೇಳಬ್ಯಾಡ್ರಿ." ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ ಬಂತು.

ಮಧ್ಯಾಹ್ನ ಅಪ್ಪ ಬಂದರು. ಎಳ್ಳುಬೆಲ್ಲ ಕೊಟ್ಟು, ಬಾಗಿಲ ಕುರ್ಚಿಯಲ್ಲಿ ಕೂತು, ಚಹಾ ಬಸಿಗೆ ಸುರಿದರು. ನಾನು ಕರೆಯಲಿಲ್ಲ, ಧೈರ್ಯ ಸಾಲಲಿಲ್ಲ. ಒಳಗೆ ಹೋಗಿ ಲಾರಿ ಶುರು ಮಾಡಿ, ಇಂಜಿನ್ನಿನ ಸದ್ದು ಪೂರ್ತಿ ಜೋರು ಮಾಡಿದೆ ಅಷ್ಟೇ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಅಪ್ಪನ ದನಿ ಕೇಳಿತು.

"ಗೇರ್ ಇಳಸು. ಇಂಜಿನ್ ಅಳಾಕತ್ತದ, ಕಿವಿ ಕೇಳಾಂಗಿಲ್ಲೇನು?"

ಇಳಿಸಿದೆ. ಸ್ಟಿಯರಿಂಗ್ ನೋಡಿ ಅಪ್ಪ "ಹಾಂ," ಅಂದರು. ಪಕ್ಕದ ಕುರ್ಚಿ ಎಳೆದರು, ಕೂತರು.

ಕೂತರಪ್ಪಾ ಎಂದು ನಾನು ಉಸಿರು ಬಿಡುವಷ್ಟರಲ್ಲಿ ತಿದ್ದುವುದು ಶುರುವಾಯಿತು. "ಹಾರ್ನ್ ಹಾಕು."

"ಇಲ್ಲಿ ಯಾರೂ ಹಾಕಾಂಗಿಲ್ಲ ಅಪ್ಪಾ."

"ಮತ್ತ ನಾವು ಬಂದದ್ದು ಇವ್ರಿಗೆಲ್ಲಾ ಹ್ಯಾಂಗ್ ಗೊತ್ತಾಗ್ತದ?"

ಹಾಕಿದೆ. ಆ ದೇಶದ ಜನ ಬೆಚ್ಚಿಬೀಳುವ ಹಾಗೆ ಹಾಕುತ್ತಲೇ ಹೋದೆ. ಮಾಲು ಇಳಿಸುವ ಗೋದಾಮು ಬಂತು. ಲಾರಿ ಹಿಂದಕ್ಕೆ ತೆಗೆದು ಎರಡು ಗೆರೆಗಳ ನಡುವೆ ನಿಲ್ಲಿಸಬೇಕು. ನನಗೆ ಯಾವತ್ತೂ ಬಾರದ ಕೆಲಸ ಅದು. ಒಮ್ಮೆ ಗೋಡೆಗೆ, ಒಮ್ಮೆ ಕಂಬಕ್ಕೆ. ಅಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಕ್ಲೀನರ್ ಹುಡುಗರು ಲಾರಿಯ ಮೈ ತಟ್ಟುತ್ತಾರಲ್ಲ, ಹಾಗೆ ಅಂಗೈಯಿಂದ ನನ್ನ ಟೇಬಲ್ಲಿನ ಪಕ್ಕ ಬಡಿಯುತ್ತಾ, ಬರಲಿ ಬರಲಿ ಎಂದು ಕೂಗತೊಡಗಿದರು. "ಆನ್ ದೋ... ಆನ್ ದೋ... ಎಡಕ್ಕ ಕಟ್ ಮಾಡು... ಆನ್ ದೋ... ಬಸ್!" ಬಡಿತಕ್ಕೆ ಟೈಪಾಗಿದ್ದ ಮದುವೆ ಕಾರ್ಡುಗಳ ಹಾಳೆಗಳೆಲ್ಲ ನೆಲಕ್ಕೆ ಹಾರಿದವು. ಅತ್ತೆ ಲಟ್ಟಣಿಗೆ ಹಿಡಿದೇ ಓಡಿ ಬಂದರು. ಲಾರಿ ಗೆರೆಯೊಳಗೆ ನೆಟ್ಟಗೆ ನಿಂತಿತ್ತು.

ಇಡೀ ಜನ್ಮ ಕ್ಲೀನರುಗಳನ್ನು ಬೈದು ದುಡಿಸಿದ ಮನುಷ್ಯ ನನಗೆ ಕ್ಲೀನರ್ ಆದರು. ಹಣೆಯ ಬೆವರು ಒರೆಸಿಕೊಂಡು ಅವರೇ, "ಮುಂದಿನ ಲೋಡ್ ತುಂಬು. ದೂರದ್ದು ತಗೋ," ಅಂದರು.

ದೂರದ್ದೇ ತೆಗೆದುಕೊಂಡೆ. ಐದು ಗಂಟೆಯ ಬಸ್ಸಿನ ಹೊತ್ತಾಯಿತೆಂದು ನನ್ನ ಗಂಡ ಬಂದು ನೆನಪಿಸಿದರು. ಅಪ್ಪ, "ಹೋಗ್ತದ ಬಿಡ್ರಿ, ಮುಂದಿಂದು ಅದ," ಅಂದರು. ರಸ್ತೆ ಉದ್ದಕ್ಕೆ, ನೆಟ್ಟಗೆ ಬಿದ್ದಿತ್ತು. ಎರಡೂ ಕಡೆ ಹೊಲ. ಇದು ಜಹೀರಾಬಾದಿಗೆ ಹೋಗುವ ಮನ್ನಾಎಖೇಳಿ ಕಡೆಯ ರೋಡಿನ ಹಾಗೇ ಇದೆ ಎಂದು ಅಪ್ಪ ಹೇಳಿದರು. ಅಲ್ಲೊಂದು ಧಾಬಾ ಇರಬೇಕಿತ್ತು, ಎಂಥ ದರಿದ್ರ ದೇಶ, ಒಂದು ಚಹಾ ಸಿಗುವುದಿಲ್ಲ ಎಂದು ಬೈದರು. ಹಿಂದೆ ಯಾವ ಊರಿನ ಹತ್ತಿರ ಟೈರು ಒಡೆಯಿತು, ಯಾವ ಮಳೆಯಲ್ಲಿ ರಸ್ತೆಯೇ ಕಾಣದೆ ಮರದ ಕೆಳಗೆ ಕಾಯ್ದರು, ಒಂದಾದ ಮೇಲೊಂದು ಹೇಳಿದರು. ಇಷ್ಟು ಮಾತು ಅವರು ನನ್ನ ಮನೆಯಲ್ಲಿ ಎಂದೂ ಆಡಿರಲಿಲ್ಲ. ನಾನು ಹೂಂಗುಟ್ಟುತ್ತಾ ಓಡಿಸುತ್ತಿದ್ದೆ. ಬರಬರುತ್ತಾ ತಿದ್ದುವುದು ನಿಂತಿತು.

ನಮ್ಮಪ್ಪ ಬೇರೆಯವರು ಓಡಿಸುವ ಗಾಡಿಯಲ್ಲಿ ಕಣ್ಣು ಮುಚ್ಚುವ ಆಸಾಮಿಯಲ್ಲ. ಬಸ್ಸಿನಲ್ಲೂ ಮುಂದಿನ ಸೀಟು ಹಿಡಿದು, ಡ್ರೈವರನ ಕಾಲನ್ನೇ ನೋಡುತ್ತಾ, ತಮ್ಮ ಕಾಲಲ್ಲೂ ಬ್ರೇಕು ಒತ್ತುತ್ತಾ ಕೂರುವವರು. ಅಂಥವರು ಕುರ್ಚಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಎಳೆದುಕೊಂಡರು.

"ನಂಗ ನಿದ್ದಿ ಬರಾಕತ್ತದವ್ವಾ," ಅಂದರು. "ನೀ ಹೊಡೀತಿರು. ಜಹೀರಾಬಾದ್ ಬಂತಂದ್ರ ಎಬ್ಬಸು."

ನನ್ನ ಕಣ್ಣು ತುಂಬಿ ರಸ್ತೆಯೇ ಕಾಣದಾಯಿತು. ಒರೆಸಿಕೊಳ್ಳೋಣವೆಂದರೆ ಕೈ ಬಿಡುವ ಹಾಗಿರಲಿಲ್ಲ, ಲಾರಿ ಓಡುತ್ತಿತ್ತು. "ಹೂಂ ಅಪ್ಪಾ, ನೀ ಮಲ್ಕೋ," ಅಂದೆ. "ಬಂತಂದ್ರ ಎಬ್ಬಸ್ತೀನಿ."